ಮೇಜಿನ ಆಚೆ ಕೂತ ಮಗಳಿಗೆ

ಚಿಕ್ಕಮಗಳೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಗುರುವಾರ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ಬೇಗ ನಿದ್ದೆ ಹತ್ತಲಿಲ್ಲ. ಆಫೀಸಿನಲ್ಲಿ ನಿನ್ನನ್ನು ಇಂಟರ್‌ವ್ಯೂ ಪ್ಯಾನೆಲ್‌ಗೆ ಹಾಕಿದ್ದಾರೆ ಅಂದಾಗ ನಿಮ್ಮಮ್ಮ ಅಡುಗೆಮನೆಯಿಂದಲೇ ಕೂಗಿದ್ದು ನಿನಗೂ ಕೇಳಿಸಿರಬೇಕು. ನನಗೂ ಅಷ್ಟೇ ಸಂತೋಷವಾಯಿತು. ಆದರೆ ಆಮೇಲೆ ನೀನು ಆಡಿದ ಎರಡು ಮಾತು ಮನಸ್ಸಿನಲ್ಲಿ ಕೂತುಬಿಟ್ಟವು. ಎರಡು ಕೆಲಸಕ್ಕೆ ನಾನೂರು ಅರ್ಜಿ ಬಂದಿವೆ ಅಂದೆ. 'ಒಂದೊಂದು ರೆಸ್ಯೂಮೆಗೆ ಹತ್ತು ಸೆಕೆಂಡ್ ಸಾಕು ಅಪ್ಪ, ನೋಡಿದ ತಕ್ಷಣ ಗೊತ್ತಾಗತ್ತೆ' ಅಂದೆ. ಇನ್ನೊಂದು, 'ಹೇಗೂ ಅರವತ್ತು ಪರ್ಸೆಂಟ್ ಕಟ್‌ಆಫ್ ಇದೆಯಲ್ಲ, ಅರ್ಧ ಜನ ಅಲ್ಲೇ ಹೋಗ್ತಾರೆ' ಅಂದೆ.

ಹೋದ ವರ್ಷ ನಾನು ಹೋಗಿಬಂದ ಇಂಟರ್‌ವ್ಯೂ ವಿಷಯ ನಿನಗೆ ಪೂರ್ತಿ ಹೇಳಿಲ್ಲ. 'ಆಗಲಿಲ್ಲ ಬಿಡು' ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೆ. ಈಗ ಹೇಳಬೇಕು. ಫೋನಿನಲ್ಲಿ ಹೇಳಿದರೆ ನೀನು ನನ್ನ ಪರವಾಗಿ ಸಿಟ್ಟು ಮಾಡಿಕೊಳ್ಳುತ್ತೀಯ, ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೇ ಬರೆಯಲು ಕೂತೆ.

ಕಾಫಿ ಬೀಜ ಹದಮಾಡಿ ವಿಂಗಡಿಸುವ ನಮ್ಮ ಕ್ಯೂರಿಂಗ್ ವರ್ಕ್ಸ್ ಕೈ ಬದಲಾಗಿ, ರುಚಿ ನೋಡುವ ಸ್ಯಾಂಪಲ್ ರೂಮ್ ಮುಚ್ಚಿದಾಗ ನನಗೆ 53 ವರ್ಷ. ಆ ರೂಮಿನಲ್ಲಿ 28 ವರ್ಷ ಕಳೆದಿದ್ದೆ. ಎರಡು ತಿಂಗಳು ಮನೆಯಲ್ಲಿ ಕೂತ ಮೇಲೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಬೆಂಗಳೂರಿನ ಒಂದು ಕಾಫಿ ಕಂಪನಿಗೆ ಚಿಕ್ಕಮಗಳೂರಿನಲ್ಲೇ ಇದ್ದು ಕಾಫಿ ರುಚಿ ನೋಡಿ, ಕೊಳ್ಳಬಹುದೋ ಬೇಡವೋ ಹೇಳುವವರು ಬೇಕಾಗಿತ್ತು. ಕಂಪನಿ ಹೆಸರು ಬೇಡ ಬಿಡು. ನನಗಂತಲೇ ಬರೆದ ಹಾಗಿತ್ತು ಆ ಜಾಹೀರಾತು. ಐ.ಜಿ. ರಸ್ತೆಯ ಸೈಬರ್ ಸೆಂಟರಿನಲ್ಲಿ ಕೂತು ಎರಡು ಗಂಟೆ ಹಿಡಿದು ಅರ್ಜಿ ತುಂಬಿದೆ.

ಅವತ್ತೇ ರಾತ್ರಿ 11:40ಕ್ಕೆ ಉತ್ತರ ಬಂತು. ನಿಮ್ಮ ಅನುಭವ ಈ ಹುದ್ದೆಗೆ ಹೊಂದುವುದಿಲ್ಲ ಅಂತ. ನಾನು ಎದ್ದು ದೀಪ ಹಾಕಿ ಮೂರು ಸಲ ಓದಿದೆ. ಬೆಳಿಗ್ಗೆ ಪಕ್ಕದ ಮನೆ ಹುಡುಗನಿಗೆ ತೋರಿಸಿದರೆ ಅವನು, 'ಅಂಕಲ್, ಇದನ್ನ ಮನುಷ್ಯರು ಯಾರೂ ನೋಡಿಲ್ಲ. ಅಷ್ಟು ಹೊತ್ತಿನಲ್ಲಿ ಯಾರು ಕೂತಿರ್ತಾರೆ? ಸಾಫ್ಟ್‌ವೇರ್ ಪದ ಹುಡುಕಿದೆ, ಸಿಗಲಿಲ್ಲ' ಅಂದ. ನಾನು 'ಕಪ್ ಟೆಸ್ಟಿಂಗ್' ಅಂತ ಬರೆದಿದ್ದೆ. ನಮ್ಮ ಕಡೆ ಎಲ್ಲರೂ ಅನ್ನುವುದು ಹಾಗೇ. ಜಾಹೀರಾತಿನಲ್ಲಿ 'ಸೆನ್ಸರಿ ಅನಾಲಿಸಿಸ್' ಅಂತ ಇತ್ತು. ಎರಡೂ ರುಚಿ ನೋಡುವುದೇ. ಹುಡುಗ ಅಂಥ ಏಳೆಂಟು ಪದ ಬದಲಾಯಿಸಿ ಬೇರೆ ಇಮೇಲಿನಿಂದ ಮತ್ತೆ ಹಾಕಿದ. ಮೂರನೇ ದಿನ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, 'ಸರ್, ನಿಮ್ಮ ಪ್ರೊಫೈಲ್ ತುಂಬಾ ಚೆನ್ನಾಗಿ ಮ್ಯಾಚ್ ಆಗ್ತಿದೆ' ಅಂದಳು. ಅದೇ ನಾನು, ಅದೇ ನಾಲಿಗೆ, ಅದೇ 28 ವರ್ಷ. ಆ ಹುಡುಗ ಪಕ್ಕದ ಮನೆಯಲ್ಲಿ ಇರದೇ ಹೋಗಿದ್ದರೆ ನನ್ನ ಕಥೆ ಮೊದಲ ರಾತ್ರಿಯೇ ಮುಗಿದಿರುತ್ತಿತ್ತು. ಪಕ್ಕದಲ್ಲಿ ಅಂಥ ಹುಡುಗ ಇಲ್ಲದವರು ಎಷ್ಟು ಜನ ಇರಬಹುದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಬೆಳಗಿನ ಜಾವದ ಬಸ್ಸು ಹತ್ತಿ ಬೇಲೂರು, ಹಾಸನ, ಚನ್ನರಾಯಪಟ್ಟಣದ ಮೇಲೆ ಬೆಂಗಳೂರು ಸೇರಿದೆ. ನಿಮ್ಮಮ್ಮ ಇಸ್ತ್ರಿ ಮಾಡಿಟ್ಟ ಬಿಳಿ ಶರಟನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಬದಲಾಯಿಸಿದೆ. ಹಿಂದಿನ ದಿನದಿಂದ ಈರುಳ್ಳಿ, ಬೆಳ್ಳುಳ್ಳಿ, ಖಾರ ಮುಟ್ಟಿರಲಿಲ್ಲ. ಸೋಪಿನ ವಾಸನೆಯೂ ಇರಬಾರದು ಅಂತ ಬರೀ ನೀರಿನಲ್ಲಿ ಸ್ನಾನ ಮಾಡಿದ್ದೆ. ರುಚಿ ನೋಡುವ ದಿನ ನಾವು ಹಾಗೇ ಇರುವುದು, ನಿನಗೆ ಗೊತ್ತಲ್ಲ.

ಮೊದಲು ಒಂದು ಕಂಪ್ಯೂಟರ್ ಪರೀಕ್ಷೆ. ಅರ್ಧ ಗಂಟೆಯಲ್ಲಿ ನಲವತ್ತು ಪ್ರಶ್ನೆ. ಎರಡು ರೈಲು ಎದುರುಬದುರು ಬಂದರೆ ಎಷ್ಟು ಹೊತ್ತಿಗೆ ದಾಟುತ್ತವೆ, ತಂದೆಗೆ ಮಗನ ಮೂರರಷ್ಟು ವಯಸ್ಸಾದರೆ ಐದು ವರ್ಷದ ಹಿಂದೆ ಎಷ್ಟು, ನಾಲ್ಕು ಚಿತ್ರದಲ್ಲಿ ಮುಂದಿನದು ಯಾವುದು. ಅದು ಮುಗಿದ ಮೇಲೆ ಒಂದು ಸಣ್ಣ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರಿಸಿ ಬಾಗಿಲು ಹಾಕಿದರು. ಪರದೆ ಮೇಲೆ ಪ್ರಶ್ನೆ ಬರುತ್ತದೆ, ತೊಂಬತ್ತು ಸೆಕೆಂಡಿನಲ್ಲಿ ಕ್ಯಾಮೆರಾ ನೋಡಿಕೊಂಡು ಉತ್ತರ ಹೇಳಬೇಕು. ಎದುರಿಗೆ ಯಾರೂ ಇಲ್ಲ. ಪರದೆಯ ಮೂಲೆಯಲ್ಲಿ ನನ್ನ ಮುಖವೇ ನನಗೆ ಕಾಣುತ್ತಿತ್ತು. ಕೇಳುವವರ ಕಣ್ಣು ನೋಡದೆ ಮಾತಾಡುವುದು ನನಗೆ ಬರುವುದಿಲ್ಲ ಪುಟ್ಟಿ. ಒಂದು ಪ್ರಶ್ನೆಗೆ ಅರ್ಧ ಉತ್ತರ ಹೇಳುವಷ್ಟರಲ್ಲಿ ಸಮಯ ಮುಗಿದು ಮುಂದಿನದು ಬಂದುಬಿಟ್ಟಿತು.

ಮಧ್ಯಾಹ್ನ ಮೂರು ಗಂಟೆಗೆ ಮೂರು ಜನ ಕೂತಿದ್ದ ಕೋಣೆಗೆ ಕರೆದರು. ಒಬ್ಬರು ಫೋನಿನಿಂದ ತಲೆ ಎತ್ತಲಿಲ್ಲ. ಇನ್ನು ಐದು ವರ್ಷಕ್ಕೆ ಎಲ್ಲಿರುತ್ತೀರಿ ಅಂದರು. ನಿಮ್ಮ ದೊಡ್ಡ ದೌರ್ಬಲ್ಯ ಏನು ಅಂದರು. ಆಮೇಲೆ ನಡುವೆ ಕೂತಿದ್ದ ಚಿಕ್ಕ ವಯಸ್ಸಿನವರು ಸ್ವಲ್ಪ ಮುಂದೆ ಬಾಗಿ, 'ಬೆಂಗಳೂರಲ್ಲಿ ಒಂದು ದಿನಕ್ಕೆ ಎಷ್ಟು ಕಪ್ ಕಾಫಿ ಖರ್ಚಾಗುತ್ತೆ? ಯೋಚನೆ ಮಾಡಿ ಹೇಳಿ, ಉತ್ತರ ಮುಖ್ಯ ಅಲ್ಲ, ನೀವು ಹೇಗೆ ಯೋಚನೆ ಮಾಡ್ತೀರಿ ಅನ್ನೋದು ಮುಖ್ಯ' ಅಂದರು. ನಾನು ಏನೋ ಲೆಕ್ಕ ಹಾಕಿ ಹೇಳಿದೆ. ಅವರು ಪಕ್ಕದವರ ಮುಖ ನೋಡಿದರು.

ಅಷ್ಟರಲ್ಲಿ ಒಬ್ಬ ಹುಡುಗ ಎಲ್ಲರಿಗೂ ಕಾಗದದ ಲೋಟದಲ್ಲಿ ಮೆಷಿನ್ ಕಾಫಿ ತಂದಿಟ್ಟ. ನಾನು ಬಾಯಿಗೆ ಹತ್ತಿರ ತಂದ ಕೂಡಲೇ ವಾಸನೆ ಸಿಕ್ಕಿತು. ಗೋಣಿಚೀಲದ ವಾಸನೆ. ಬೀಜವನ್ನು ತೇವದ ಗೋದಾಮಿನಲ್ಲಿ ಬಹಳ ಕಾಲ ಚೀಲದಲ್ಲೇ ಬಿಟ್ಟರೆ ಅದು ಸೆಣಬಿನ ವಾಸನೆ ಹೀರಿಕೊಳ್ಳುತ್ತದೆ, ನಾವು 'ಬ್ಯಾಗಿ' ಅನ್ನುತ್ತೇವೆ. ಎಷ್ಟು ಹುರಿದರೂ, ಎಷ್ಟು ಹಾಲು ಹಾಕಿದರೂ ಅದು ಅಡಿಯಲ್ಲಿ ಉಳಿದೇ ಇರುತ್ತದೆ. ಒಂದು ಗುಟುಕು ಕುಡಿದು ಖಾತ್ರಿ ಮಾಡಿಕೊಂಡೆ. ಹಳೆಯ ದಾಸ್ತಾನಿನ ರೋಬಸ್ಟಾ. ಅವರ ಕಂಪನಿಯದ್ದೇ ಪುಡಿ. ಮೂವರ ಮುಖ ನೋಡಿದೆ, ಮೂವರೂ ಕುಡಿಯುತ್ತಿದ್ದರು. ಹೇಳಲೋ ಬೇಡವೋ ಅಂತ ಒಂದು ನಿಮಿಷ ಒದ್ದಾಡಿದೆ. ಕರೆಸಿಕೊಂಡವರ ಮನೆಯ ಕಾಫಿಗೆ ಹೆಸರಿಡುವುದು ಸರಿಯಲ್ಲ ಅನ್ನಿಸಿ ಸುಮ್ಮನಾದೆ. ರುಚಿ ನೋಡುವ ಕೆಲಸಕ್ಕೆ ಕರೆದಿದ್ದ ಆ ಇಡೀ ದಿನದಲ್ಲಿ ನನ್ನ ಕೈಗೆ ಬಂದ ಕಾಫಿ ಅದೊಂದೇ. 'ಹೇಗಿದೆ' ಅಂತ ಯಾರೂ ಕೇಳಲಿಲ್ಲ.

'ಎಚ್‌ಆರ್ ನಿಮಗೆ ತಿಳಿಸ್ತಾರೆ' ಅಂದರು. ಏಳು ವಾರ ಕಾದೆ. ತೋಟಕ್ಕೆ ಹೋದರೂ ಸಿಗ್ನಲ್ ಸಿಗುವ ಕಡೆಯೇ ನಿಲ್ಲುತ್ತಿದ್ದೆ. ಕೊನೆಗೆ ನಾನೇ ಫೋನ್ ಮಾಡಿದಾಗ, 'ಸಿಸ್ಟಮ್‌ನಲ್ಲಿ ಇನ್ನೂ ಪ್ರೊಸೆಸ್‌ನಲ್ಲಿದೆ ಸರ್' ಅಂದರು. ಇವತ್ತಿಗೂ ಹಾಗೇ ಇರಬೇಕು.

ಸಿಟ್ಟು ಬಂತು. ನನ್ನ 28 ವರ್ಷಕ್ಕೆ ಬೆಲೆಯೇ ಇಲ್ಲವಾಯಿತಲ್ಲ ಅನ್ನುವ ಸಿಟ್ಟು. ಅದೇ ಸಿಟ್ಟಿನಲ್ಲಿ, ಕೆಲಸಕ್ಕೆ ಜನರನ್ನು ಆರಿಸುವುದು ಹೇಗೆ ಅಂತ ತಿಳಿದವರು ಏನು ಹೇಳಿದ್ದಾರೆ ಎಂದು ಪಕ್ಕದ ಮನೆ ಹುಡುಗನ ಹತ್ತಿರ ಹುಡುಕಿಸಿ ಓದಿದೆ. ಅಲ್ಲಿ ನನ್ನ ಬಾಯಿ ಮುಚ್ಚಿಸುವ ಒಂದು ವಿಷಯ ಸಿಕ್ಕಿತು. 1998ರಲ್ಲಿ ಅಮೆರಿಕದ ಫ್ರಾಂಕ್ ಶ್ಮಿಟ್, ಜಾನ್ ಹಂಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಯನ್ನು ಒಟ್ಟುಹಾಕಿ, ಯಾವ ವಿಧಾನದಿಂದ ಆರಿಸಿದರೆ ಮುಂದೆ ಕೆಲಸ ಚೆನ್ನಾಗಿ ಮಾಡುವವರು ಸಿಗುತ್ತಾರೆ ಅಂತ ಲೆಕ್ಕ ತೆಗೆದಿದ್ದರು. ಸೊನ್ನೆ ಅಂದರೆ ಏನೂ ಹೇಳದ ವಿಧಾನ, ಒಂದು ಅಂದರೆ ತಪ್ಪೇ ಇಲ್ಲದ ವಿಧಾನ. ಆ ಕೆಲಸದ್ದೇ ಒಂದು ತುಣುಕು ಕೊಟ್ಟು ಮಾಡಿಸಿ ನೋಡುವುದಕ್ಕೆ 0.54. ಎಲ್ಲರಿಗೂ ಮೊದಲೇ ಗೊತ್ತುಮಾಡಿದ ಅದದೇ ಪ್ರಶ್ನೆ ಕೇಳಿ ಅಂಕ ಹಾಕುವ ಇಂಟರ್‌ವ್ಯೂಗೆ 0.51. ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗೆ 0.38. ಎಷ್ಟು ವರ್ಷದ ಅನುಭವ ಇದೆ ಅನ್ನುವ ಲೆಕ್ಕಕ್ಕೆ? ಬರೀ 0.18.

ಅದನ್ನು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಹಳೆಯ ಅಂಕಿಗಳಲ್ಲಿ ಹಲವು ಹೆಚ್ಚಾಗಿದ್ದವು ಅಂತ ತಿದ್ದಿದ್ದಾರೆ. ಅವರ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಇಂಟರ್‌ವ್ಯೂ ಎಲ್ಲಕ್ಕಿಂತ ಮೇಲೆ ಬಂದಿದೆ, ಆದರೆ ವರ್ಷಗಳ ಲೆಕ್ಕಕ್ಕೆ ಅಲ್ಲೂ ಬೆಲೆ ಬಂದಿಲ್ಲ. ಅಂದರೆ ಆ ಮೂವರು ನನ್ನ 28 ವರ್ಷ ನೋಡಿ ತಲೆಬಾಗಬೇಕಿತ್ತು ಅನ್ನುವ ನನ್ನ ಸಿಟ್ಟೂ ತಪ್ಪಾಗಿತ್ತು. 28 ವರ್ಷ ಒಂದೇ ತಪ್ಪನ್ನು ಮಾಡಿಕೊಂಡು ಬಂದವರೂ ಇರುತ್ತಾರೆ, ನಾನೇ ನೋಡಿದ್ದೇನೆ. ನನ್ನ ವರ್ಷಗಳಿಗೆ ಅವರು ಮರ್ಯಾದೆ ಕೊಡಬೇಕಿರಲಿಲ್ಲ ಪುಟ್ಟಿ. ನನ್ನ ಮುಂದೆ ಮೂರು ಬಟ್ಟಲು ಇಡಬೇಕಿತ್ತು.

ಮೂರು ಬಟ್ಟಲಿನ ಕಥೆ ನಿನಗೆ ಚಿಕ್ಕವಳಿದ್ದಾಗ ಹೇಳಿದ್ದೆ, ಮರೆತಿರಬಹುದು. 1996ರಲ್ಲಿ ನಾನು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದು ರುಚಿ ನೋಡುವುದಕ್ಕಲ್ಲ, ತೂಕದ ಚೀಟಿ ಬರೆಯುವುದಕ್ಕೆ. ಅಲ್ಲಿಯವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರದ್ದನ್ನೂ ಒಟ್ಟುಹಾಕಿ ಬೋರ್ಡೇ ಮಾರುವ ರಾಶಿಗೆ ಒಪ್ಪಿಸುವ ಪದ್ಧತಿ ಇತ್ತು. ಅದು ಹಂತಹಂತವಾಗಿ ಸಡಿಲವಾಗಿ ಆ ವರ್ಷ ಪೂರ್ತಿ ಹೋಯಿತು. ಬೆಳೆದವರೇ ಮಾರಬಹುದು ಅಂತಾದಾಗ ಎಲ್ಲರಿಗೂ ರುಚಿ ಬಲ್ಲವರು ಬೇಕಾದರು. ನಮ್ಮ ಹಿರಿಯ ಟೇಸ್ಟರ್ ಒಬ್ಬರಿದ್ದರು, ಅವರಿಗೆ ಒಬ್ಬ ಸಹಾಯಕ ಬೇಕಿತ್ತು. ಒಂದು ಬೆಳಿಗ್ಗೆ ಆಫೀಸಿನಲ್ಲಿದ್ದ ಆರು ಜನ ಹುಡುಗರನ್ನೂ ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ನನ್ನನ್ನು ಕರೆದಾಗ ಮೇಜಿನ ಮೇಲೆ ಮೂರು ಬಿಳಿ ಬಟ್ಟಲು ಇದ್ದವು. 'ಎರಡು ಒಂದೇ ಕಾಫಿ, ಒಂದು ಬೇರೆ. ಯಾವುದು ಬೇರೆ?' ಅಷ್ಟೇ ಅವರು ಕೇಳಿದ್ದು. ಅಪ್ಪನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಡಿಗ್ರಿಯಲ್ಲಿ ಎಷ್ಟು ಮಾರ್ಕ್ಸು ಅಂತ ಕೇಳಲಿಲ್ಲ.

ಹಾಗೆ ಐದು ಸಲ. ಒಂದು ಸಲ ಸರಿಯಾದರೆ ಅದು ಅದೃಷ್ಟವೂ ಇರಬಹುದು, ಮೂರರಲ್ಲಿ ಒಂದು ಹೇಗೂ ತಗಲುತ್ತದೆ. ಐದಕ್ಕೈದೂ ಅದೃಷ್ಟದಿಂದಲೇ ಸರಿಯಾಗಬೇಕು ಅಂದರೆ 243ರಲ್ಲಿ ಒಂದು ಸಲ. ಸುಮ್ಮನೆ ಮೂರು ಬಟ್ಟಲು, ಆದರೆ ಅದರ ಹಿಂದೆ ಅಷ್ಟು ಲೆಕ್ಕ ಇದೆ. ಕಾಫಿ ಟೇಸ್ಟರುಗಳ ದೊಡ್ಡ ಪರೀಕ್ಷೆಗಳಲ್ಲಿ ಇವತ್ತಿಗೂ ಇದೇ ಮೂರು ಬಟ್ಟಲಿನ ಪದ್ಧತಿ ಇದೆ. ನಾನು ನಾಲ್ಕು ಸಲ ಸರಿ ಹೇಳಿದೆ. ಐದನೆಯದರಲ್ಲಿ ಎರಡೆರಡು ಸಲ ನೋಡಿದರೂ ತಿಳಿಯಲಿಲ್ಲ. 'ಗೊತ್ತಾಗ್ತಿಲ್ಲ ಸಾರ್' ಅಂದೆ. ಕೆಲಸ ನನಗೆ ಕೊಟ್ಟರು. ಬಹಳ ವರ್ಷದ ಮೇಲೆ ಅವರೇ ಹೇಳಿದ್ದು: ಇನ್ನೊಬ್ಬ ಹುಡುಗನೂ ನಾಲ್ಕು ಸರಿ ಹೇಳಿದ್ದನಂತೆ, ಆದರೆ ಐದನೆಯದನ್ನು ಊಹೆ ಮಾಡಿ ಗಟ್ಟಿಯಾಗಿ ಹೇಳಿದ್ದನಂತೆ.

ಆ ರೂಮಿನಲ್ಲಿ ನಾವು ಕಾಫಿಗೆ ಎಷ್ಟು ನ್ಯಾಯವಾಗಿ ನಡೆದುಕೊಳ್ಳುತ್ತಿದ್ದೆವು ಅಂತ ಈಗ ನೆನೆಸಿಕೊಂಡರೆ ಮನಸ್ಸು ತುಂಬಿಬರುತ್ತದೆ. ಬಟ್ಟಲಿನ ಮೇಲೆ ತೋಟದ ಹೆಸರು ಇರುತ್ತಿರಲಿಲ್ಲ, ಬರೀ ನಂಬರು. ದೊಡ್ಡ ಎಸ್ಟೇಟಿನದೋ, ಎರಡು ಎಕರೆಯವರದೋ ನಾಲಿಗೆಗೆ ಗೊತ್ತಾಗಬಾರದು. ಒಂದೊಂದು ಸ್ಯಾಂಪಲ್ಲಿಗೂ ಐದು ಬಟ್ಟಲು, ಒಂದರಲ್ಲಿ ಅಕಸ್ಮಾತ್ ಕೆಟ್ಟ ಬೀಜ ಬಿದ್ದರೆ ಇಡೀ ಲಾಟಿಗೆ ಅನ್ಯಾಯ ಆಗಬಾರದು ಅಂತ. ಪ್ರತಿ ಬಟ್ಟಲಿಗೂ ಎಂಟೂಕಾಲು ಗ್ರಾಂ ಪುಡಿ, 150 ಮಿಲಿ ನೀರು. ಒಂದಕ್ಕೆ ಹೆಚ್ಚಿಲ್ಲ, ಒಂದಕ್ಕೆ ಕಡಿಮೆ ಇಲ್ಲ. ನೀರು ಹೊಯ್ದು ನಾಲ್ಕು ನಿಮಿಷ ಮುಟ್ಟುವ ಹಾಗಿಲ್ಲ. ಆಮೇಲೆ ಚಮಚದಿಂದ ಮೇಲಿನ ಕೆನೆ ಒಡೆದು ವಾಸನೆ ನೋಡಿ, ಸುರ್ ಅಂತ ಎಳೆದು, ಉಗುಳಿ, ಬರೆದುಕೊಳ್ಳುವುದು. ಬರೆದು ಮುಗಿಸುವವರೆಗೆ ಯಾರೂ ಮಾತಾಡುವ ಹಾಗಿಲ್ಲ. ಹಿರಿಯರು ಮೊದಲೇ 'ಆಹಾ' ಅಂದುಬಿಟ್ಟರೆ ಕಿರಿಯರ ನಾಲಿಗೆಯೂ ಅದನ್ನೇ ಹೇಳುತ್ತದೆ.

ಇನ್ನೊಂದು ವಿಷಯ ಇದೆ, ಅದನ್ನು ನೀನು ಚೆನ್ನಾಗಿ ಮನಸ್ಸಿಗೆ ಹಾಕಿಕೊಳ್ಳಬೇಕು. ಬಿಸಿ ಇರುವಾಗ ಹಾಕಿದ ಅಂಕವೇ ಕೊನೆಯದಲ್ಲ. ಬಟ್ಟಲು ಆರುತ್ತಾ ಹೋದ ಹಾಗೆ ಮತ್ತೆ ಮತ್ತೆ ನೋಡಬೇಕು. ಬಿಸಿಯಲ್ಲಿ ಚೆನ್ನಾಗಿದೆ ಅನ್ನಿಸಿದ್ದರ ದೋಷ ಆರಿದಾಗ ಎದ್ದು ಕಾಣುತ್ತದೆ. ಬಿಸಿಯಲ್ಲಿ ಏನೂ ಇಲ್ಲ ಅನ್ನಿಸಿದ್ದು ಆರಿದ ಮೇಲೆ ಹಣ್ಣಿನ ಹಾಗೆ ಸಿಹಿಯಾಗಿ ತೆರೆದುಕೊಳ್ಳುತ್ತದೆ. ನಿನ್ನೆದುರು ಬಂದು ಕೂರುವ ಹುಡುಗ ಹುಡುಗಿಯರು ಮೊದಲ ಹತ್ತು ನಿಮಿಷ ಬಿಸಿ ಬಟ್ಟಲು ಕಣಮ್ಮ. ಕೈ ಬೆವರುತ್ತಿರುತ್ತದೆ, ಬಾಯಿ ಒಣಗಿರುತ್ತದೆ, ಗೊತ್ತಿರುವ ಇಂಗ್ಲಿಷೂ ಬರುವುದಿಲ್ಲ. ಅವರು ಆರುವವರೆಗೆ ನೀನು ಏನನ್ನೂ ಬರೆಯಬೇಡ.

ಈಗ ನಿನ್ನ ಅರವತ್ತು ಪರ್ಸೆಂಟಿನ ಮಾತಿಗೆ ಬರುತ್ತೇನೆ.

ಜರಡಿಯೇ ಬೇಡ ಅನ್ನುವವನು ನಾನಲ್ಲ. ನಾನೂರು ಜನರಿಗೂ ಬಟ್ಟಲು ಇಡಲು ಆಗುವುದಿಲ್ಲ, ನನಗೆ ಗೊತ್ತು. ನಮ್ಮಲ್ಲೂ ಹದಿನೇಳರ ಜರಡಿ ಇತ್ತು, ಅದರ ತೂತು 6.65 ಮಿಲಿಮೀಟರ್, ಅದರ ಮೇಲೆ ನಿಂತ ಬೀಜ 'ಪ್ಲಾಂಟೇಷನ್ ಎ' ಅನ್ನುವ ದರ್ಜೆ. ಅದರಿಂದ ಬಿದ್ದು ಹದಿನೈದರ ಜರಡಿಯ ಮೇಲೆ, ಅಂದರೆ 6 ಮಿಲಿಮೀಟರ್ ಮೇಲೆ ನಿಂತದ್ದು ಬಿ. ಬೀಜ ಒಂದೇ ಗಾತ್ರ ಇದ್ದರೆ ಹುರಿ ಸಮನಾಗಿ ಬರುತ್ತದೆ, ಅದಕ್ಕೆ ಜರಡಿ ಬೇಕು. ಆದರೆ ಜರಡಿ ಹೇಳುವುದು ಗಾತ್ರವನ್ನು ಮಾತ್ರ. ರುಚಿಯ ವಿಷಯ ಅದಕ್ಕೆ ಗೊತ್ತೇ ಇಲ್ಲ. ಬಾಬಾಬುಡನ್‌ಗಿರಿ ಕಡೆಯ ಎತ್ತರದ ತೋಟದ ಬಿ ದರ್ಜೆಯ ಬೀಜ, ಕೆಳಗಿನ ಬಿಸಿಲಿನ ತೋಟದ ದಪ್ಪ ಎ ಬೀಜವನ್ನು ಬಟ್ಟಲಿನಲ್ಲಿ ಸೋಲಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಜರಡಿ ಹಿಡಿಯುವ ಮೊದಲು, ಇದು ಅಳೆಯುವುದು ಏನನ್ನು, ನನಗೆ ಬೇಕಾದದ್ದು ಏನು ಅಂತ ಕೇಳಿಕೊಳ್ಳಬೇಕು.

ನಿನ್ನ ಪಿಯುಸಿ ಮಾರ್ಕ್ಸು 58 ಪರ್ಸೆಂಟ್. ಆ ವರ್ಷ ಪರೀಕ್ಷೆಗೆ ಮೂರು ವಾರ ಇದೆ ಅನ್ನುವಾಗ ಕಾಮಾಲೆ ಆಗಿ ನೀನು ಬರೀ ಗಂಜಿ ಕುಡಿದುಕೊಂಡು ಓದಿದ್ದು ಯಾವ ರೆಸ್ಯೂಮೆಯಲ್ಲೂ ಇಲ್ಲ. ಇಂಜಿನಿಯರಿಂಗಿನಲ್ಲಿ 81 ತೆಗೆದೆ. ಆದರೂ ಕೊನೆಯ ವರ್ಷ ಕಾಲೇಜಿಗೆ ಮೊದಲು ಬಂದ ಕಂಪನಿ, 'ಎಸ್ಸೆಸ್ಸೆಲ್ಸಿಯಿಂದ ಎಲ್ಲದರಲ್ಲೂ ಅರವತ್ತು ಇರಬೇಕು' ಅಂತ ನಿನ್ನನ್ನು ಬಾಗಿಲ ಹೊರಗೇ ನಿಲ್ಲಿಸಿತು. ಅವತ್ತು ನೀನು ಹಾಸನದಿಂದ ಬಸ್ಸಿನಲ್ಲಿ ಬಂದು, ಯಾರ ಹತ್ತಿರವೂ ಮಾತಾಡದೆ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ನಿಮ್ಮಮ್ಮ ಕರೆದರೂ ಬರಲಿಲ್ಲ. ಕತ್ತಲಾದ ಮೇಲೆ ನಾನು ಬಂದು ಪಕ್ಕದಲ್ಲಿ ಕೂತಾಗ, 'ಕಾಮಾಲೆ ಬಂದಿದ್ದಕ್ಕೂ ಕೋಡಿಂಗಿಗೂ ಏನಪ್ಪಾ ಸಂಬಂಧ' ಅಂತ ಕೇಳಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಆ ಜರಡಿ ನಿನ್ನ ಕೈಗೇ ಬಂದಿದೆ ಪುಟ್ಟಿ. ಗುರುವಾರ ನೀನು ಅದರ ಬಗ್ಗೆ ಅಷ್ಟು ಸಲೀಸಾಗಿ ಮಾತಾಡಿದ್ದು ಕೇಳಿ ನನಗೆ ನೋವಾಯಿತು, ಮುಚ್ಚಿಡುವುದಿಲ್ಲ.

ಕಂಪ್ಯೂಟರ್ ಆರಿಸಿದರೆ ಪಕ್ಷಪಾತ ಇರುವುದಿಲ್ಲ ಅಂತ ನೀನು ಹಿಂದೊಮ್ಮೆ ಹೇಳಿದ್ದೆ. ಅಮೆಜಾನ್‌ನವರು 2014ರಿಂದ ಅಂಥ ಒಂದು ವ್ಯವಸ್ಥೆ ಕಟ್ಟುತ್ತಿದ್ದರಂತೆ, ರಾಯಿಟರ್ಸ್ ಸುದ್ದಿಸಂಸ್ಥೆ ಅದರ ಕಥೆಯನ್ನು 2018ರಲ್ಲಿ ಹೊರಗೆ ತಂದಿತು. ಹಿಂದಿನ ಹತ್ತು ವರ್ಷಗಳ ರೆಸ್ಯೂಮೆಗಳನ್ನು ಓದಿಸಿ ಅದಕ್ಕೆ ಕಲಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ಹಾಗಾಗಿ ರೆಸ್ಯೂಮೆಯಲ್ಲಿ 'ಮಹಿಳಾ' ಅನ್ನುವ ಪದ ಕಂಡರೆ ಅದು ಅಂಕ ಕಳೆಯಲು ಕಲಿತುಬಿಟ್ಟಿತ್ತು. ಬರೀ ಹೆಣ್ಣುಮಕ್ಕಳೇ ಓದುವ ಎರಡು ಕಾಲೇಜುಗಳ ಹೆಸರಿದ್ದರೂ ಕಳೆಯುತ್ತಿತ್ತು. ಸರಿಮಾಡಲು ಆಗದೆ ಅದನ್ನು ಕೈಬಿಟ್ಟರು. ನೀನು ಪಿಯುಸಿ ಓದಿದ್ದು ಮಹಿಳಾ ಕಾಲೇಜಿನಲ್ಲಿ. ಆ ಯಂತ್ರದ ಮುಂದೆ ನಿನ್ನ ಅರ್ಜಿ ಹೋಗಿದ್ದರೆ ಅಂತ ಯೋಚನೆ ಮಾಡು. ಜರಡಿಯ ತೂತನ್ನು ಹಳೆಯ ರಾಶಿ ನೋಡಿಯೇ ಕೊರೆದಿದ್ದರೆ ಹಳೆಯ ರಾಶಿಯಂಥದ್ದೇ ಮತ್ತೆ ಮತ್ತೆ ಮೇಲೆ ನಿಲ್ಲುತ್ತದೆ.

ಎಷ್ಟು ಕಪ್ ಕಾಫಿ ಅನ್ನುವಂಥ ಒಗಟುಗಳ ವಿಷಯವೂ ಓದಿದೆ. ಒಂದು ಕಾಲಕ್ಕೆ ಅವಕ್ಕೆ ಹೆಸರಾಗಿದ್ದ ಗೂಗಲ್‌ನಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಅನ್ನುವವರೇ 2013ರಲ್ಲಿ, ಅದರಿಂದ ಏನೂ ತಿಳಿಯುವುದಿಲ್ಲ, ಪೂರ್ತಿ ದಂಡ ಅಂತ ಹೇಳಿದ್ದಾರೆ. ನಮ್ಮ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೂ ಇಂಟರ್‌ವ್ಯೂವನ್ನೇ ತೆಗೆದುಹಾಕಿತು, ಶಿಫಾರಸಿನ ಕಾಟ ತಪ್ಪಲಿ ಅಂತ. ಕೆಲಸ ಬರುತ್ತದೋ ಇಲ್ಲವೋ ನೋಡುವ ಕೌಶಲ ಪರೀಕ್ಷೆಗಳನ್ನು ಮಾತ್ರ ಉಳಿಸಿಕೊಂಡಿತು. ಅದು ನನಗೆ ಸರಿ ಅನ್ನಿಸುತ್ತದೆ.

ಇಷ್ಟೆಲ್ಲ ಬೇರೆಯವರ ತಪ್ಪು ಬರೆದೆ. ನನ್ನದೂ ಒಂದು ಇದೆ, ನಿಮ್ಮಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ಕೆಟ್ಟ ಬೀಜ ಆರಿಸಿ ತೆಗೆಯುವ ನಮ್ಮ ಗಾರ್ಬ್ಲಿಂಗ್ ಹಾಲ್ ನಿನಗೆ ನೆನಪಿರಬೇಕು. ರಜೆಯಲ್ಲಿ ಕರೆದುಕೊಂಡು ಹೋದಾಗ ಅಲ್ಲಿನ ಹೆಂಗಸರು ನಿನಗೆ ಕಡ್ಲೆಮಿಠಾಯಿ ಕೊಡುತ್ತಿದ್ದರು. ಬೆಲ್ಟಿನ ಎರಡೂ ಕಡೆ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದರಲ್ಲ, ಅವರಲ್ಲಿ ಒಬ್ಬಾಕೆ ಇದ್ದಳು. ಓದಿದ್ದು ಏಳನೇ ಕ್ಲಾಸು. ಒಂದು ದಿನ ನಾನು ಹಾದುಹೋಗುವಾಗ ಒಂದು ಹಿಡಿ ಬೀಜ ತಂದು, 'ಸಾರ್, ಇದರಲ್ಲಿ ಏನೋ ಇದೆ, ಹುಳಿತ ವಾಸನೆ' ಅಂದಳು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಹುರಿದು ನೋಡಿದರೆ ಸ್ಟಿಂಕರ್. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಲ್ಲೋ ತೊಟ್ಟಿಯಲ್ಲೋ ಉಳಿದುಹೋಗಿ ಕೊಳೆತ ಬೀಜ ಅದು; ಮೇಲೆ ನೋಡಿದರೆ ಒಳ್ಳೆಯ ಬೀಜದ ಹಾಗೇ ಇರುತ್ತದೆ, ಒಂದು ಬೀಜ ಬಿದ್ದರೂ ಬಟ್ಟಲು ಹಾಳು. ಆಮೇಲೆ ಇನ್ನೂ ಎರಡು ಸಲ ಹಾಗೇ ತಂದು ತೋರಿಸಿದಳು. ಎರಡು ಸಲವೂ ಅವಳು ಹೇಳಿದ್ದೇ ನಿಜ.

2009ರಲ್ಲಿ ಸ್ಯಾಂಪಲ್ ರೂಮಿಗೆ ಸಹಾಯಕರು ಬೇಕಾದಾಗ ಅವಳು ಬಾಗಿಲಲ್ಲಿ ನಿಂತು, 'ನಾನೂ ಅರ್ಜಿ ಕೊಡಬಹುದಾ ಸಾರ್' ಅಂತ ಕೇಳಿದಳು. 'ಡಿಗ್ರಿ ಕೇಳಿದ್ದಾರಮ್ಮ' ಅಂದೆ. ತಲೆ ಆಡಿಸಿ ಹೋದಳು. ಡಿಗ್ರಿ ಕೇಳಿದವರು ಬೇರೆ ಯಾರೂ ಅಲ್ಲ, ನಾನೇ ಆ ಕಾಗದ ಬರೆದದ್ದು. ಮೂರು ಬಟ್ಟಲು ಇಡಲು ಹತ್ತು ನಿಮಿಷ ಸಾಕಿತ್ತು. ಆ ಹಿರಿಯ ಟೇಸ್ಟರ್ ನನಗೆ ಇಟ್ಟಿದ್ದರು, ನಾನು ಅವಳಿಗೆ ಇಡಲಿಲ್ಲ. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ ಒಬ್ಬ ಹುಡುಗನನ್ನು ತೆಗೆದುಕೊಂಡೆ. ಒಳ್ಳೆಯವನೇ. ಆದರೆ ಕಾಫಿಯಲ್ಲಿ ಇರಬೇಕಾದ ಹುಳಿಗೂ ಹುಳಿತು ಕೆಟ್ಟ ಹುಳಿಗೂ ವ್ಯತ್ಯಾಸ ಅವನ ನಾಲಿಗೆಗೆ ಕೊನೆಗೂ ಸಿಗಲಿಲ್ಲ. ಎಂಟು ತಿಂಗಳಿಗೆ ಬಿಟ್ಟುಹೋದ. ಅವಳು ಬೆಲ್ಟಿನ ಹತ್ತಿರವೇ ಇನ್ನೂ ಹದಿನೈದು ವರ್ಷ ಕೂತಿದ್ದಳು, ಆ ವರ್ಕ್ಸ್ ಕೈ ಬದಲಾಗುವವರೆಗೆ.

ಹೋದ ತಿಂಗಳು ತರಕಾರಿ ಕೊಳ್ಳುವಾಗ ಸಿಕ್ಕಿದಳು. ಕಣ್ಣು ಮಂಜಾಗಿದೆ, ಆಪರೇಷನ್‌ಗೆ ಬರೆದುಕೊಟ್ಟಿದ್ದಾರಂತೆ. 'ಮಗಳು ಹೇಗಿದಾಳೆ ಸಾರ್' ಅಂತ ನಿನ್ನನ್ನೇ ಕೇಳಿದಳು. ನಾನು ಆ ವಿಷಯ ಎತ್ತಬೇಕು ಅಂದುಕೊಂಡೆ, ಬಾಯಿ ಬರಲಿಲ್ಲ. ಈಗ ನನ್ನ ಹತ್ತಿರ ಮೂರು ತೋಟದವರು ಸ್ಯಾಂಪಲ್ ಕಳಿಸುತ್ತಾರೆ, ಹಿತ್ತಿಲ ಕೋಣೆಯಲ್ಲೇ ಹುರಿದು ನೋಡುತ್ತೇನೆ. ಅವಳ ಕಣ್ಣು ಸರಿಹೋದ ಮೇಲೆ ಕರೆಸಬೇಕು ಅಂತಿದ್ದೇನೆ. ಬರುತ್ತಾಳೋ ಇಲ್ಲವೋ.

ನಿಮ್ಮ ಕೆಲಸ ನನಗೆ ಅಷ್ಟಾಗಿ ತಿಳಿಯದು. ಆದರೆ ನಿಮ್ಮ ಟೆಸ್ಟಿಂಗ್ ಟೀಮಿಗೆ ಬೇಕಿರುವುದು ತಪ್ಪು ಹುಡುಕುವವರು ಅಂತ ನೀನೇ ಹೇಳಿದ್ದೀಯ. ಹಾಗಿದ್ದರೆ ತಪ್ಪು ಇರುವ ಒಂದು ಚಿಕ್ಕ ಪ್ರೋಗ್ರಾಮ್ ಕೊಟ್ಟು, ಇದರಲ್ಲಿ ಏನೇನು ಕೆಟ್ಟಿದೆ ನೋಡಿ ಅಂತ ಒಂದು ಗಂಟೆ ಬಿಡಲು ಆಗುವುದಿಲ್ಲವೇ? ಹೆಸರು, ಕಾಲೇಜು, ಮಾರ್ಕ್ಸು ಮುಚ್ಚಿಟ್ಟು ಬರೀ ನಂಬರ್ ಹಾಕಿ ಆ ಉತ್ತರಗಳನ್ನು ನೋಡಲು ಆಗುವುದಿಲ್ಲವೇ? ಒಂದು ಗಂಟೆ ಅಂದರೆ ಒಂದೇ ಗಂಟೆ. ನಿಮ್ಮ ಚಿಕ್ಕಮ್ಮನ ಮಗನಿಗೆ ಯಾರೋ 'ಅಸೈನ್‌ಮೆಂಟ್' ಅಂತ ನಾಲ್ಕು ದಿನದ ಕೆಲಸ ಬಿಟ್ಟಿ ಮಾಡಿಸಿಕೊಂಡು ಆಮೇಲೆ ಫೋನನ್ನೇ ಎತ್ತಲಿಲ್ಲವಲ್ಲ, ಅದು ಪರೀಕ್ಷೆಯಲ್ಲ. ಮತ್ತೆ ಪ್ಯಾನೆಲ್‌ನಲ್ಲಿ ನೀವು ಮೂವರು ಕೂತಾಗ, ಒಬ್ಬೊಬ್ಬರೂ ತಮ್ಮ ಅಂಕ ಬರೆದು ಮುಗಿಸುವವರೆಗೆ ಬಾಯಿ ಬಿಡಬೇಡಿ ಅಂತ ಹೇಳಿನೋಡು. ನೀನು ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಕಷ್ಟ ಆಗಬಹುದು. ಆದರೂ ಹೇಳು. ಹೊಸಬಳು ಕೇಳಿದರೆ ಯಾರೂ ಬೈಯುವುದಿಲ್ಲ. ಅರವತ್ತು ಪರ್ಸೆಂಟಿನ ಜರಡಿಯನ್ನು ತೆಗೆಸಲು ನಿನ್ನಿಂದ ಆಗದೇ ಇರಬಹುದು. ಅದು ಯಾಕಿದೆ, ಅದರಿಂದ ಬಿದ್ದವರನ್ನು ಯಾರಾದರೂ ಒಂದು ಸಲ ನೋಡಿದ್ದಾರಾ ಅಂತ ಕೇಳಲು ಆಗುತ್ತದೆ. ನಾವು ಜರಡಿಯಿಂದ ಬಿದ್ದ ರಾಶಿಯಿಂದಲೂ ಒಂದು ಹಿಡಿ ತೆಗೆದು ಹುರಿಯುತ್ತಿದ್ದೆವು.

ಕಳೆದ ತಿಂಗಳು ನಿಮ್ಮ ಆಫೀಸಿನವರು ಒಂಬತ್ತು ಜನರನ್ನು ಕರೆಸಿ ಇಬ್ಬರನ್ನು ತೆಗೆದುಕೊಂಡರು, ಉಳಿದ ಏಳು ಜನಕ್ಕೆ 'ಎಚ್‌ಆರ್ ತಿಳಿಸ್ತಾರೆ' ಅಂದರು ಅಂತ ನೀನು ಹೇಳಿದ್ದೆ. ತಿಳಿಸಿದರಾ? ನಾಳೆ ಹೋದ ಕೂಡಲೇ ಅದನ್ನು ಮೊದಲು ಕೇಳು. ತಿಳಿಸಿರದಿದ್ದರೆ ಅವರಿಂದ ಹೇಳಿಸು, ಅವರು ಬರೆಯದಿದ್ದರೆ ಅನುಮತಿ ತೆಗೆದುಕೊಂಡು ನೀನೇ ಎರಡೆರಡು ಸಾಲು ಬರೆ. ಆಗಲಿಲ್ಲ ಅಂತ, ಯಾವುದು ಚೆನ್ನಾಗಿತ್ತು, ಯಾವುದು ಸಾಲಲಿಲ್ಲ ಅಂತ. ಅವರಲ್ಲಿ ಯಾರೋ ಒಬ್ಬರು ಸಿಗ್ನಲ್ ಸಿಗುವ ಜಾಗ ನೋಡಿಕೊಂಡು ನಿಂತಿರುತ್ತಾರೆ.

ಅಮ್ಮ ಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ, ಮಂಗಳವಾರದ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ. ಜೊತೆಗೆ ಅರ್ಧ ಕೆಜಿ ಪುಡಿ, ನಾನೇ ಹುರಿದದ್ದು, ಚಿಕೋರಿ ಇಲ್ಲ. ಡಬ್ಬದ ಮುಚ್ಚಳ ಬಿಗಿಯಾಗಿ ಹಾಕು.

ನಿನ್ನ
ಅಪ್ಪ